ಅಮುಂಡ್ಸನ್ ಮನೆಯ ಹಿಂದಿನ ದಿಬ್ಬ

ದಕ್ಷಿಣ ಧ್ರುವವನ್ನು ಎಲ್ಲರಿಗಿಂತ ಮೊದಲು ಮುಟ್ಟಿದ ನಾರ್ವೆಯ ರೋಲ್ಡ್ ಅಮುಂಡ್ಸನ್ 1911ರ ಜನವರಿಯಲ್ಲಿ ಅಂಟಾರ್ಕ್ಟಿಕಾದಲ್ಲಿ ಮನೆ ಕಟ್ಟಿದ ಜಾಗ ಇದೆಯಲ್ಲ, ತಲೆ ನೆಟ್ಟಗಿರುವ ಯಾರೂ ಅಲ್ಲಿ ಮನೆ ಕಟ್ಟುವುದಿಲ್ಲ. ಅದು ನೆಲವೇ ಅಲ್ಲ. ಸಮುದ್ರದ ಮೇಲೆ ಚಾಚಿಕೊಂಡು ತೇಲುತ್ತಿರುವ ಮಂಜುಗಡ್ಡೆ. ರಾಸ್ ಐಸ್ ಶೆಲ್ಫ್ ಅಂತ ಅದರ ಹೆಸರು. ಹೆಚ್ಚುಕಡಿಮೆ ಫ್ರಾನ್ಸ್ ದೇಶದಷ್ಟು ಅಗಲ, ನೂರಾರು ಮೀಟರ್ ದಪ್ಪ. ಅದರ ಅಂಚಿನಿಂದ ಆಗಾಗ ತುಂಡುಗಳು ಮುರಿದುಕೊಂಡು ಕಡಲಿಗೆ ಹೋಗುತ್ತವೆ, ಕೆಲವು ತುಂಡುಗಳಂತೂ ಒಂದು ಇಡೀ ಜಿಲ್ಲೆಯಷ್ಟು ದೊಡ್ಡವು. ಅಂಥ ಅಂಚಿಗೆ ಕೆಲವೇ ಕಿಲೋಮೀಟರ್ ದೂರದಲ್ಲಿ, ನಾರ್ವೆಯಲ್ಲೇ ಒಮ್ಮೆ ಕಟ್ಟಿ, ಬಿಚ್ಚಿ, ಹಡಗಿಗೆ ಹೇರಿಕೊಂಡು ಬಂದಿದ್ದ ಮರದ ಮನೆಯನ್ನು ಮತ್ತೆ ಜೋಡಿಸಿ, ಎಂಟು ಜನ ಸಂಗಾತಿಗಳು ಮತ್ತು ನೂರರ ಆಸುಪಾಸು ನಾಯಿಗಳ ಜೊತೆ ಆತ ಇಡೀ ಚಳಿಗಾಲ ಕಳೆದ. ಮನೆಗೆ ಫ್ರಾಮ್‌ಹೈಮ್ ಅಂತ ಹೆಸರಿಟ್ಟ. ಸುತ್ತ ಹಿಮದಲ್ಲೇ ಸುರಂಗ ತೋಡಿ ಕೋಣೆಗಳನ್ನು ಮಾಡಿಕೊಂಡರು. ಒಂದರಲ್ಲಿ ಬಡಗಿ ಕೆಲಸ, ಇನ್ನೊಂದರಲ್ಲಿ ಹಬೆ ಸ್ನಾನ ಬೇರೆ! ಆ ಬಡಗಿ ಕೋಣೆಯಲ್ಲಿ ಬ್ಯೋಲಂಡ್ ಎಂಬಾತ ಚಳಿಗಾಲವೆಲ್ಲ ಕೂತು ಜಾರುಬಂಡಿಗಳ ಮರವನ್ನು ಹೆರೆದು ಹೆರೆದು ತೂಕ ಇಳಿಸಿದ.

ದಕ್ಷಿಣ ಧ್ರುವದ ಕತೆ ಹೇಳುವವರೆಲ್ಲ ನಾಯಿಗಳ ವಿಷಯ ಹೇಳುತ್ತಾರೆ, ಅಮುಂಡ್ಸನ್ ಜೊತೆ ಪೈಪೋಟಿಗೆ ಬಿದ್ದಿದ್ದ ಬ್ರಿಟನ್ನಿನ ಸ್ಕಾಟ್ ತಂದ ಕುದುರೆಗಳ ವಿಷಯ ಹೇಳುತ್ತಾರೆ, ಕೊನೆಗೆ ಸ್ಕಾಟ್ ಡೇರೆಯಲ್ಲಿ ಸತ್ತದ್ದನ್ನು ಹೇಳಿ ಮುಗಿಸುತ್ತಾರೆ. ನನಗೆ ಮಾತ್ರ ಈ ಮನೆ ಕಟ್ಟಿದ ಜಾಗದ ಕತೆಯೇ ಜಾಸ್ತಿ ಇಷ್ಟ. ಯಾಕೆಂದರೆ ಅದರಲ್ಲಿ ಯಾರಿಗೂ ಕಾಣದ ಒಂದು ಪಾತ್ರ ಇದೆ. ಆ ಪಾತ್ರ ಅಲ್ಲಿದೆ ಅಂತ ಅಮುಂಡ್ಸನ್‌ಗೂ ಸರಿಯಾಗಿ ಗೊತ್ತಿರಲಿಲ್ಲ.

ಸ್ವಲ್ಪ ಹಿಂದಿನಿಂದ ಶುರು ಮಾಡುತ್ತೇನೆ. 1902ರ ಫೆಬ್ರವರಿಯಲ್ಲಿ ಸ್ಕಾಟ್ ತನ್ನ ಮೊದಲ ಯಾತ್ರೆಯಲ್ಲಿ ಈ ಐಸ್ ಶೆಲ್ಫಿನ ಅಂಚಿನ ಒಂದು ಸಣ್ಣ ಕೊಲ್ಲಿಯೊಳಗೆ ಹಡಗು ನಿಲ್ಲಿಸಿ, ಬಲೂನ್ ಕಟ್ಟಿ ಮೇಲಕ್ಕೆ ಏರಿದ. ಅವನ ನಂತರ ಏರಿದವನು ಅದೇ ತಂಡದ ಶ್ಯಾಕಲ್ಟನ್. ಆರು ವರ್ಷ ಕಳೆದು 1908ರಲ್ಲಿ ಶ್ಯಾಕಲ್ಟನ್ ತನ್ನದೇ ತಂಡ ಕಟ್ಟಿಕೊಂಡು ಬಂದ. ಅದೇ ಕೊಲ್ಲಿ ಹುಡುಕಿಕೊಂಡು ಬಂದ, ಅಲ್ಲೇ ಮನೆ ಕಟ್ಟುವುದು ಅವನ ಲೆಕ್ಕ. ಬಂದು ನೋಡಿದರೆ ಕೊಲ್ಲಿಯೇ ಇಲ್ಲ! ಅಂಚು ಮುರಿದು, ಹಳೆಯ ಸಣ್ಣ ಕೊಲ್ಲಿ ಪಕ್ಕದ್ದರ ಜೊತೆ ಸೇರಿ, ದೊಡ್ಡ ಅಗಲವಾದ ಒಂದು ಕೊಲ್ಲಿ ಆಗಿತ್ತು. ಅದರ ತುಂಬ ತಿಮಿಂಗಿಲಗಳು. ಬೇ ಆಫ್ ವೇಲ್ಸ್ ಅಂತ ಹೆಸರಿಟ್ಟ. ಆದರೆ ಒಳಗೊಳಗೇ ನಡುಗಿಹೋದ. ಇಲ್ಲಿ ಮನೆ ಕಟ್ಟಿದ ಮೇಲೆ ಹೀಗಾಗಿದ್ದರೆ ಏನು ಗತಿ? ಹಡಗು ತಿರುಗಿಸಿ ಪಶ್ಚಿಮಕ್ಕೆ, ಗಟ್ಟಿ ಬಂಡೆಯಿರುವ ಕಡೆಗೆ ಹೋದ. ಆ ಪ್ರದೇಶಕ್ಕೆ ಕಾಲಿಡುವುದಿಲ್ಲ ಅಂತ ಸ್ಕಾಟ್‌ಗೆ ಮಾತು ಕೊಟ್ಟಿದ್ದ, ಆ ಮಾತನ್ನೂ ಮುರಿಯಬೇಕಾಯಿತು.

ಶ್ಯಾಕಲ್ಟನ್ ಬರೆದದ್ದನ್ನೇ ಅಮುಂಡ್ಸನ್ ಕೂತು ಓದಿದ. ಓದಿ ಪೂರ್ತಿ ಉಲ್ಟಾ ತೀರ್ಮಾನಕ್ಕೆ ಬಂದ. ಅವನ ತರ್ಕ ಹೀಗಿತ್ತು. 1840ರ ದಶಕದ ಶುರುವಿನಲ್ಲಿ ಬ್ರಿಟಿಷ್ ನಾವಿಕ ಜೇಮ್ಸ್ ಕ್ಲಾರ್ಕ್ ರಾಸ್ ಇಲ್ಲಿಗೆ ಬಂದಾಗಲೂ ಇದೇ ಜಾಗದಲ್ಲಿ ಒಂದು ಕೊಲ್ಲಿ ಇತ್ತು. 1902ರಲ್ಲೂ ಇತ್ತು. 1908ರಲ್ಲೂ ಇತ್ತು. ಆಕಾರ ಬದಲಾಗಿದೆ ನಿಜ, ಆದರೆ ಕೊಲ್ಲಿ ಜಾಗ ಬಿಟ್ಟು ಕದಲಿಲ್ಲ. ಪೂರ್ತಿ ತೇಲುತ್ತಿರುವ, ಸದಾ ಜರುಗುತ್ತಿರುವ ಮಂಜುಗಡ್ಡೆಯಲ್ಲಿ ಒಂದು ಕೊಲ್ಲಿ ಸುಮಾರು ಎಪ್ಪತ್ತು ವರ್ಷ ಒಂದೇ ಕಡೆ ಹೇಗೆ ಇರುತ್ತದೆ? ಅಡಿಯಲ್ಲಿ ಏನೋ ಇದೆ. ಬಂಡೆಯೋ, ಸಣ್ಣ ದ್ವೀಪಗಳೋ, ಮರಳದಿಬ್ಬವೋ, ಏನೋ ಒಂದು ಮಂಜುಗಡ್ಡೆಯನ್ನು ಹಿಡಿದಿಟ್ಟುಕೊಂಡಿದೆ. ಆದ್ದರಿಂದ ಇಲ್ಲಿ ಮನೆ ಕಟ್ಟಬಹುದು.

ಇದರಿಂದ ಅವನಿಗೆ ಸಿಕ್ಕ ಲಾಭವೂ ಸಣ್ಣದಲ್ಲ. ಸ್ಕಾಟ್‌ನ ನೆಲೆಗೆ ಹೋಲಿಸಿದರೆ ಇಲ್ಲಿಂದ ಧ್ರುವಕ್ಕೆ ಒಂದು ಡಿಗ್ರಿ, ಅಂದರೆ ಸುಮಾರು 110 ಕಿಲೋಮೀಟರ್ ಕಡಿಮೆ. ಹೋಗುತ್ತಾ ಅಷ್ಟು, ಬರುತ್ತಾ ಅಷ್ಟು. 1911ರ ಅಕ್ಟೋಬರ್ 19ಕ್ಕೆ ಹೊರಟವರು ಡಿಸೆಂಬರ್ 14ಕ್ಕೆ ಧ್ರುವ ಮುಟ್ಟಿ, ಜನವರಿ 25ಕ್ಕೆ ವಾಪಸ್ ಬಂದರು. ಮನೆ ಇದ್ದಲ್ಲೇ ಇತ್ತು.

ಹಾಗಾದರೆ ಅಮುಂಡ್ಸನ್ ಹೇಳಿದ್ದು ಸರಿಯೇ? ಅರ್ಧ ಸರಿ. ಅವನ ಮನೆಯ ಕೆಳಗೆ ಬಂಡೆಯೇನೂ ಇರಲಿಲ್ಲ. ಫ್ರಾಮ್‌ಹೈಮ್ ತೇಲುತ್ತಲೇ ಇತ್ತು. ಬೆಳಿಗ್ಗೆ ಸಂಜೆ ಭರತ ಇಳಿತ ಬಂದಾಗ ಮನೆ, ನಾಯಿ, ಹಬೆಕೋಣೆ ಎಲ್ಲ ಸೇರಿ ಮೆಲ್ಲಗೆ ಮೇಲೆ ಕೆಳಗೆ ಆಗುತ್ತಿದ್ದವು. ಯಾರಿಗೂ ಗೊತ್ತಾಗುತ್ತಿರಲಿಲ್ಲ ಅಷ್ಟೆ. ಆದರೆ ಅಲ್ಲಿಂದ ಸ್ವಲ್ಪ ದಕ್ಷಿಣಕ್ಕೆ, ಅವನು ಊಹಿಸಿದ್ದಕ್ಕಿಂತ ಎಷ್ಟೋ ದೊಡ್ಡದೊಂದು ವಸ್ತು ನಿಜವಾಗಿಯೂ ಇತ್ತು. ಸುಮಾರು 130 ಕಿಲೋಮೀಟರ್ ಉದ್ದ, 65 ಕಿಲೋಮೀಟರ್ ಅಗಲದ ಮಂಜಿನ ದಿಬ್ಬ. ಅದನ್ನು ಪತ್ತೆಹಚ್ಚಿದ್ದು 1934ರಲ್ಲಿ, ಅಮೆರಿಕದ ರಿಚರ್ಡ್ ಬರ್ಡ್ ತನ್ನ ಎರಡನೇ ಯಾತ್ರೆಗೆ ಬಂದಾಗ. ಬರ್ಡ್ ತಂಡದವರು ಹಿಮದಲ್ಲಿ ಸಣ್ಣ ಸ್ಫೋಟ ಮಾಡಿ, ಸದ್ದು ತಳ ಮುಟ್ಟಿ ವಾಪಸ್ ಬರಲು ಎಷ್ಟು ಹೊತ್ತು ಹಿಡಿಯಿತು ಅಂತ ಅಳೆಯುತ್ತಿದ್ದರು. ಕೆಲವು ಕಡೆ ಮಂಜಿನ ಕೆಳಗೆ ನೀರು, ಕೆಲವು ಕಡೆ ನೀರೇ ಇಲ್ಲ, ಸೀದಾ ನೆಲ. ಅಮೆರಿಕದ ಅಧ್ಯಕ್ಷರ ಹೆಸರನ್ನೇ ಇಟ್ಟರು, ರೂಸ್‌ವೆಲ್ಟ್ ದ್ವೀಪ ಅಂತ.

ದ್ವೀಪ ಅಂದಕೂಡಲೇ ಮರಳು, ಬಂಡೆ ಅಂತ ಕಲ್ಪಿಸಿಕೊಳ್ಳಬೇಡಿ. ಒಂದು ಚೂರು ಕಲ್ಲೂ ಕಣ್ಣಿಗೆ ಬೀಳುವುದಿಲ್ಲ. ಅಷ್ಟೇ ಅಲ್ಲ, ಮಂಜನ್ನೆಲ್ಲ ತೆಗೆದುಬಿಟ್ಟರೆ ಅಲ್ಲಿ ದ್ವೀಪವೇ ಇರುವುದಿಲ್ಲ. ಲೆಕ್ಕ ನೋಡಿ. ದಿಬ್ಬದ ನೆತ್ತಿ ಸಮುದ್ರಮಟ್ಟದಿಂದ ಸುಮಾರು 550 ಮೀಟರ್ ಎತ್ತರ. ಅಲ್ಲಿ ಮಂಜಿನ ದಪ್ಪ ಸುಮಾರು 764 ಮೀಟರ್. ಅಂದರೆ ಅಡಿಯ ಬಂಡೆ ಸಮುದ್ರಮಟ್ಟಕ್ಕಿಂತ ಇನ್ನೂರು ಮೀಟರಿಗೂ ಕೆಳಗಿದೆ! ಸಮುದ್ರದ ತಳ ಅಲ್ಲಿ ಸ್ವಲ್ಪ ಉಬ್ಬಿದೆ, ಆ ಉಬ್ಬಿನ ಮೇಲೆ ಮಂಜು ಕೂತಿದೆ. ಇಂಥದ್ದಕ್ಕೆ ಐಸ್ ರೈಸ್, ಅಂದರೆ ಮಂಜಿನ ಏರು, ಅನ್ನುತ್ತಾರೆ. ಸುತ್ತಲೂ ತೇಲುವ ಮಂಜುಗಡ್ಡೆ, ನಡುವೆ ಇದೊಂದು ಮಾತ್ರ ತಳಕ್ಕೆ ಕಚ್ಚಿಕೊಂಡು ಕೂತ ಮಂಜು.

ಎಷ್ಟು ಗಟ್ಟಿಯಾಗಿ ಕೂತಿದೆ ಅನ್ನುವುದನ್ನೂ ಲೆಕ್ಕ ಹಾಕಬಹುದು. ಮಂಜು ನೀರಿಗಿಂತ ಸ್ವಲ್ಪವೇ ಹಗುರ, ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಭಾಗ ಮುಳುಗಿರುತ್ತದೆ. ಇನ್ನೂರ ಹದಿನಾಲ್ಕು ಮೀಟರ್ ಆಳದ ನೀರಿನಲ್ಲಿ ಮಂಜು ತೇಲಬೇಕಾದರೆ ಅದರ ದಪ್ಪ ಸುಮಾರು 240 ಮೀಟರಿಗಿಂತ ಕಡಿಮೆ ಇರಬೇಕು. ನೆತ್ತಿಯಲ್ಲಿ ಅದರ ಮೂರು ಪಟ್ಟು ಇದೆ. ಹಾಗಾಗಿ ಅದು ಸುಮ್ಸುಮ್ನೆ ಎದ್ದು ತೇಲಿಹೋಗುವ ಪೈಕಿ ಅಲ್ಲ. ಅಂಚಿನ ಕಡೆ ಬಂದರೆ ಮಾತ್ರ ಕತೆ ಬೇರೆ. ತೇಲುವ ಭಾಗ ಭರತ ಇಳಿತಕ್ಕೆ ಏರಿ ಇಳಿಯುತ್ತದೆ, ಕೂತ ಭಾಗ ಅಲುಗುವುದಿಲ್ಲ, ಇವೆರಡೂ ಸೇರುವ ಗಡಿಯಲ್ಲಿ ದಿನಾ ಬಾಗಿ ಬಾಗಿ ಮಂಜು ಬಿರುಕು ಬಿಡುತ್ತದೆ. ಐಸ್ ರೈಸ್‌ಗಳ ಸುತ್ತ ಬಿರುಕಿನ ಪಟ್ಟಿ ಕಾಣಿಸುವುದಕ್ಕೆ ಇದೂ ಒಂದು ಕಾರಣ.

ಉಪಗ್ರಹದ ಚಿತ್ರದಲ್ಲಿ ಇದನ್ನು ನೋಡುವುದೇ ನನಗೊಂದು ಚಟ. ರಾತ್ರಿ ಊಟ ಆದ ಮೇಲೆ ಲ್ಯಾಪ್‌ಟಾಪ್ ತೆಗೆದು ಅಂಟಾರ್ಕ್ಟಿಕಾ ನೋಡುತ್ತಾ ಕೂತರೆ ಮನೆಯವಳು ಬಂದು ಇಣುಕಿ, "ಏನ್ರೀ ಅದು, ಬರೀ ಬಿಳಿ ಹಾಳೆ ನೋಡ್ಕೊಂಡು ಕೂತಿದೀರಲ್ಲ" ಅನ್ನುತ್ತಾಳೆ. ಅವಳ ಮಾತಲ್ಲಿ ತಪ್ಪೇನಿಲ್ಲ. ಮೊದಲ ಸಲಕ್ಕೆ ಬಿಳಿ ಹಾಳೆಯೇ. ಸ್ವಲ್ಪ ಹೊತ್ತು ಕಣ್ಣು ಪಳಗಬೇಕು. ಆಮೇಲೆ ಐಸ್ ಶೆಲ್ಫಿನ ಮೇಲೆ ಉದ್ದುದ್ದ ಗೆರೆಗಳು ಕಾಣಿಸುತ್ತವೆ, ಅವು ಮಂಜು ಹರಿದು ಬಂದ ದಾರಿ. ಆ ಗೆರೆಗಳು ಒಂದು ಕಡೆ ಬಂದು ಎರಡಾಗಿ ಸೀಳಿ, ಒಂದು ನುಣುಪಾದ ಉದ್ದ ಮೊಟ್ಟೆಯಾಕಾರವನ್ನು ಬಳಸಿಕೊಂಡು ಹೋಗುತ್ತವೆ. ಮೊಟ್ಟೆಯೊಳಗೆ ಗೆರೆಗಳೇ ಇಲ್ಲ. ಅಂಚಿನಲ್ಲಿ ಸುಕ್ಕು. ಅದೇ ರೂಸ್‌ವೆಲ್ಟ್ ದ್ವೀಪ.

ಹೊಳೆಯ ನಡುವೆ ಬಂಡೆ ಇದ್ದರೆ ನೀರು ಹೇಗೆ ಎರಡು ಕಡೆ ಸೀಳಿಕೊಂಡು ಹೋಗಿ, ಬಂಡೆಯ ಮರೆಯಲ್ಲಿ ಒಂದಿಷ್ಟು ಜಾಗ ಬಿಡುತ್ತದೋ, ಇಲ್ಲೂ ಹಾಗೇ. ರಾಸ್ ಐಸ್ ಶೆಲ್ಫಿನ ಮಂಜು ಅಂಚಿನ ಹತ್ತಿರ ವರ್ಷಕ್ಕೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಉತ್ತರಕ್ಕೆ ಹರಿಯುತ್ತದೆ. ದಿಬ್ಬ ಅಡ್ಡ ಬಂದಾಗ ಎರಡಾಗುತ್ತದೆ. ದಿಬ್ಬ ದಾಟಿದ ಮೇಲೆ ಪೂರ್ವದಿಂದ ಬಂದ ಮಂಜು, ಪಶ್ಚಿಮದಿಂದ ಬಂದ ಮಂಜು ಬೇರೆ ಬೇರೆ ವೇಗದಲ್ಲಿ ಬಂದು ಸೇರುವ ಜಾಗದಲ್ಲಿ ಸಂದು ಉಳಿಯುತ್ತದೆ. ಬೇ ಆಫ್ ವೇಲ್ಸ್ ಅಂದರೆ ಆ ಸಂದು. ಅದರ ಗೋಡೆಗಳು ಮುರಿದು ಬೀಳುತ್ತಿದ್ದವು, ಮತ್ತೆ ಬೆಳೆಯುತ್ತಿದ್ದವು, ಆಕಾರ ವರ್ಷ ವರ್ಷಕ್ಕೆ ಬದಲಾಗುತ್ತಿತ್ತು, ಆದರೆ ಹಿಂದಿನ ದಿಬ್ಬ ಜಾಗ ಬಿಡದ ಕಾರಣ ಕೊಲ್ಲಿಯೂ ಜಾಗ ಬಿಡುತ್ತಿರಲಿಲ್ಲ. ಶ್ಯಾಕಲ್ಟನ್ ಕಂಡದ್ದೂ ನಿಜ, ಅಮುಂಡ್ಸನ್ ಕಂಡದ್ದೂ ನಿಜ. ಒಬ್ಬ ಗೋಡೆ ನೋಡಿದ, ಇನ್ನೊಬ್ಬ ಜಾಗ ನೋಡಿದ.

ಅಮುಂಡ್ಸನ್‌ಗೆ ಅದೃಷ್ಟ ಇರಲಿಲ್ಲ ಅಂತ ನಾನು ವಾದ ಮಾಡುವುದಿಲ್ಲ. ಇತ್ತು. ಅವನ ಒಂದು ವರ್ಷದಲ್ಲಿ ಅಂಚು ಮುರಿಯಲಿಲ್ಲ. ಆದರೆ ಅವನನ್ನು ಬರೀ ಜೂಜುಕೋರ ಅನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ. ಎಪ್ಪತ್ತು ವರ್ಷದ ಹಳೆಯ ದಾಖಲೆ ಹುಡುಕಿ ಓದಿ, ಅದರಿಂದ ಕಣ್ಣಿಗೆ ಕಾಣದ ಬಂಡೆಯನ್ನು ಊಹಿಸುವುದು ಜೂಜಲ್ಲ.

ಈಗ ದಿಬ್ಬದ ಒಳಗಿನ ವಿಷಯ. ನಿಜ ಹೇಳಬೇಕೆಂದರೆ ನನಗೆ ಐಸ್ ರೈಸ್ ಹುಚ್ಚು ಹಿಡಿಸಿದ್ದೇ ಈ ಭಾಗ.

ಐಸ್ ರೈಸ್ ಅಂದರೆ ಸುಮ್ಮನೆ ಅಡ್ಡ ನಿಂತ ಗಡ್ಡೆ ಅಲ್ಲ. ಅದಕ್ಕೆ ತನ್ನದೇ ಹರಿವು ಇದೆ. ಅದರ ಮೇಲೆ ಬಿದ್ದ ಹಿಮ ಅಲ್ಲೇ ಒತ್ತಿ ಮಂಜಾಗಿ, ನೆತ್ತಿಯಿಂದ ಎರಡೂ ಬದಿಗೆ ಮೆಲ್ಲಗೆ ಇಳಿಯುತ್ತದೆ. ಸುತ್ತಲಿನ ಮಂಜು ವರ್ಷಕ್ಕೆ ನೂರಾರು ಮೀಟರ್ ಓಡುತ್ತಿದ್ದರೆ ಇಲ್ಲಿ ಬದಿಗಳಲ್ಲಿ ವರ್ಷಕ್ಕೆ ಕೆಲವು ಮೀಟರ್ ಅಷ್ಟೆ. ನಟ್ಟ ನಡುವಿನ ನೆತ್ತಿಯಲ್ಲಿ ಅಡ್ಡ ಚಲನೆ ಇಲ್ಲವೇ ಇಲ್ಲ. ಅಲ್ಲಿ ಬಿದ್ದ ಹಿಮ ಎಡಕ್ಕೂ ಹೋಗುವುದಿಲ್ಲ, ಬಲಕ್ಕೂ ಹೋಗುವುದಿಲ್ಲ, ನೇರ ಕೆಳಕ್ಕೆ ಇಳಿಯುತ್ತದೆ, ಪದರದ ಮೇಲೆ ಪದರ.

ಮಂಜಿಗೆ ಒಂದು ವಿಚಿತ್ರ ಗುಣ ಇದೆ. ಜೋರಾಗಿ ತಳ್ಳಿದಷ್ಟೂ ಮೆತ್ತಗಾಗುತ್ತದೆ. ತಳ್ಳುವ ಬಲ ಎರಡು ಪಟ್ಟಾದರೆ ಹರಿವು ಎರಡು ಪಟ್ಟಲ್ಲ, ಸುಮಾರು ಎಂಟು ಪಟ್ಟಾಗುತ್ತದೆ. ತಳ್ಳುವ ಬಲ ಕಡಿಮೆ ಇದ್ದರೆ ಅದೇ ಮಂಜು ಗಡುಸಾಗಿ ಕೂರುತ್ತದೆ. ದಿಬ್ಬದ ನೆತ್ತಿಯ ಕೆಳಗೆ, ಆಳದಲ್ಲಿ, ಎರಡೂ ಬದಿಗೆ ಎಳೆತ ಸಮ. ಹಾಗಾಗಿ ಅಲ್ಲಿನ ಮಂಜು ಗಡುಸು. ಅಕ್ಕಪಕ್ಕದ ಇಳಿಜಾರಿನ ಕೆಳಗಿನ ಮಂಜು ಮೆತ್ತಗೆ. ಮೇಲಿಂದ ಒಂದೇ ಸಮನೆ ಹಿಮ ಬೀಳುತ್ತಿದ್ದರೂ ನೆತ್ತಿಯ ಕೆಳಗಿನ ಪದರಗಳು ನಿಧಾನ ಇಳಿಯುತ್ತವೆ, ಪಕ್ಕದವು ಬೇಗ ಇಳಿಯುತ್ತವೆ. ಸಾವಿರಾರು ವರ್ಷ ಹೀಗೇ ನಡೆದರೆ ಏನಾಗಬೇಕು? ಒಂದೇ ವರ್ಷದಲ್ಲಿ ಬಿದ್ದ ಹಿಮದ ಪದರ ನೆತ್ತಿಯ ಕೆಳಗೆ ಕಮಾನಿನ ಹಾಗೆ ಮೇಲಕ್ಕೆ ಬಾಗಿರಬೇಕು. 1983ರಲ್ಲಿ ಚಾರ್ಲ್ಸ್ ರೇಮಂಡ್ ಎಂಬ ಅಮೆರಿಕನ್ ವಿಜ್ಞಾನಿ ಇದನ್ನು ಲೆಕ್ಕ ಹಾಕಿ ಬರೆದರು. ಆಗ ಅದು ಬರೀ ಲೆಕ್ಕ. ಆಮೇಲೆ ರಾಡಾರ್ ಪೆಟ್ಟಿಗೆಯನ್ನು ಸ್ಲೆಡ್ಜ್ ಮೇಲೆ ಇಟ್ಟು ದಿಬ್ಬದ ಒಂದು ಬದಿಯಿಂದ ಇನ್ನೊಂದು ಬದಿಗೆ ಎಳೆದುಕೊಂಡು ಹೋದವರು ಚಿತ್ರ ತೆಗೆದು ನೋಡಿದರೆ, ಇತ್ತು ಕಮಾನು!

ಆ ರಾಡಾರ್ ಚಿತ್ರ ಒಮ್ಮೆ ನೋಡಬೇಕು ನೀವು. ಕಪ್ಪು ಬಿಳುಪು. ಮೇಲೆ ಚಪ್ಪಟೆ ಗೆರೆಗಳು, ಒಂದರ ಕೆಳಗೊಂದು, ಒತ್ತಾಗಿ. ಕೆಳಗೆ ಹೋದ ಹಾಗೆ ನಡುವೆ ಸಣ್ಣ ಉಬ್ಬು. ಇನ್ನೂ ಕೆಳಗೆ ಹೋದರೆ ಉಬ್ಬು ದೊಡ್ಡದು. ತಳದ ಬಂಡೆ ಹೆಚ್ಚುಕಡಿಮೆ ಚಪ್ಪಟೆ ಇದ್ದರೂ ಅದರ ಮೇಲಿನ ಗೆರೆಗಳು ಎದ್ದು ನಿಂತಿವೆ, ಸರಿಯಾಗಿ ನೆತ್ತಿಯ ನೇರಕ್ಕೆ. ಇವಕ್ಕೆ ರೇಮಂಡ್ ಕಮಾನು ಅಂತಲೇ ಹೆಸರು.

ಇದರ ಉಪಯೋಗ ಏನು ಅಂದರೆ, ಕಮಾನು ಬೆಳೆಯಲು ಸಮಯ ಬೇಕು. ನೆತ್ತಿ ಅದೇ ಜಾಗದಲ್ಲಿ ಎಷ್ಟು ಕಾಲ ಕದಲದೆ ಇದೆಯೋ ಅಷ್ಟು ಎತ್ತರದ ಕಮಾನು. ನೆತ್ತಿ ಪಕ್ಕಕ್ಕೆ ಸರಿದರೆ ಕಮಾನು ಓರೆಯಾಗುತ್ತದೆ. ದಿಬ್ಬ ಮೊನ್ನೆ ಮೊನ್ನೆ ಹುಟ್ಟಿದ್ದಾದರೆ ಕಮಾನು ಇರುವುದೇ ಇಲ್ಲ. ಹೀಗೆ ಒಂದು ಗೆರೆಯ ಬಾಗಿನಿಂದ ಕಾಲ ಅಳೆಯಬಹುದು. ರೂಸ್‌ವೆಲ್ಟ್ ದ್ವೀಪದ ಕಮಾನನ್ನು ಅಳೆದು 1999ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಅದು ಈಗಿನ ರೀತಿಯ ದಿಬ್ಬವಾಗಿ ಹರಿಯಲು ಶುರುವಾಗಿ ಸುಮಾರು 3,200 ವರ್ಷ ಆಗಿದೆ. ಅದಕ್ಕೂ ಮೊದಲು? ಅದಕ್ಕೂ ಮೊದಲು ಸುತ್ತ ತೇಲುವ ಶೆಲ್ಫೇ ಇರಲಿಲ್ಲ. ಹಿಮಯುಗದ ದಪ್ಪ ಮಂಜುಹಾಳೆ ಸಮುದ್ರದ ತಳಕ್ಕೆ ಕೂತುಕೊಂಡೇ ಇಲ್ಲಿವರೆಗೂ, ಇನ್ನೂ ಉತ್ತರಕ್ಕೂ ಚಾಚಿತ್ತು. ಅದು ತೆಳುವಾಗುತ್ತಾ, ಹಿಂದೆ ಸರಿಯುತ್ತಾ, ತಳ ಬಿಟ್ಟು ತೇಲಲು ಶುರುವಾದಾಗ ಈ ಉಬ್ಬಿನ ಮೇಲಿನ ಭಾಗ ಮಾತ್ರ ಕೂತಲ್ಲೇ ಉಳಿಯಿತು. ಆ ಅಧ್ಯಯನದವರಿಗೆ ಕಂಡ ಇನ್ನೊಂದು ವಿಷಯ ಸ್ವಲ್ಪ ಕಳವಳದ್ದು. ಈ ಹಿಂದೆ ಸರಿಯುವಿಕೆಯ ಬಹುಪಾಲು ನಡೆದದ್ದು ಹಿಮಯುಗ ಮುಗಿದು ಸಮುದ್ರಮಟ್ಟ, ಹವಾಮಾನ ಎರಡೂ ಹೆಚ್ಚುಕಡಿಮೆ ಒಂದು ಸ್ಥಿತಿಗೆ ಬಂದ ಮೇಲೆ. ಅಂದರೆ ಒಮ್ಮೆ ಶುರುವಾದದ್ದು ಹೊಸದಾಗಿ ತಳ್ಳುವವರು ಯಾರೂ ಇಲ್ಲದೆಯೂ ಮುಂದುವರಿಯಬಹುದು.

ನೆತ್ತಿಯಲ್ಲಿ ಪದರಗಳು ನೇರ ಕೆಳಕ್ಕೆ ಇಳಿಯುತ್ತವೆ ಅಂದೆನಲ್ಲ, ಅದಕ್ಕೇ ಅಲ್ಲಿ ಕೊರೆದರೆ ಹಳೆಯ ಹವಾಮಾನ ಸಿಗುತ್ತದೆ. ನ್ಯೂಜಿಲೆಂಡ್ ಮುಂದಾಳತ್ವದಲ್ಲಿ ಹಲವು ದೇಶಗಳ ತಂಡ ಸೇರಿ 2011ರಿಂದ 2013ರ ನಡುವಿನ ಬೇಸಿಗೆಗಳಲ್ಲಿ ರೂಸ್‌ವೆಲ್ಟ್ ದ್ವೀಪದ ನೆತ್ತಿಯಿಂದ ತಳದ ಬಂಡೆಯವರೆಗೂ ಕೊರೆದು ಮಂಜಿನ ಕಂಬ ಹೊರತೆಗೆದರು. ಮೇಲೆ ಹೇಳಿದ 764 ಮೀಟರ್ ಬಂದದ್ದು ಇಲ್ಲಿಂದಲೇ. ಮೇಲಿನ 2,700 ವರ್ಷಗಳನ್ನು ಒಂದೊಂದೇ ವರ್ಷವಾಗಿ ಎಣಿಸಲು ಆಯಿತು, ಬೇಸಿಗೆಯ ಹಿಮ, ಚಳಿಗಾಲದ ಹಿಮ ಅಂತ ಬೇರೆ ಬೇರೆಯಾಗಿ. ಕೆಳಕ್ಕೆ ಹೋದ ಹಾಗೆ ಪದರಗಳು ಒತ್ತಿ ಒತ್ತಿ ತೆಳುವಾಗಿ ಎಣಿಕೆಗೆ ಸಿಗುವುದಿಲ್ಲ, ಅಲ್ಲಿ ಮಂಜಿನೊಳಗೆ ಸಿಕ್ಕಿಬಿದ್ದ ಹಳೆಯ ಗಾಳಿಯನ್ನು ಬೇರೆ ಕಡೆಯ ಕಂಬಗಳ ಗಾಳಿಗೆ ಹೋಲಿಸಿ ವಯಸ್ಸು ಕಟ್ಟಬೇಕು. ಹಾಗೆ ಕಟ್ಟಿದಾಗ ತಳದ ಹತ್ತಿರ ಸಿಕ್ಕ ವಯಸ್ಸು 83,000 ವರ್ಷ. ಒಳನಾಡಿನಲ್ಲಿ ಇದಕ್ಕಿಂತ ಎಷ್ಟೋ ಹಳೆಯ ಮಂಜು ಸಿಕ್ಕಿದೆ ನಿಜ. ಆದರೆ ಒಳನಾಡು ಒಳನಾಡೇ. ಕಡಲಂಚಿನಲ್ಲಿ ಗಾಳಿ ಹೇಗೆ ಬೀಸುತ್ತಿತ್ತು, ಎಷ್ಟು ಹಿಮ ಬೀಳುತ್ತಿತ್ತು ಅಂತ ತಿಳಿಯಬೇಕಾದರೆ ಕಡಲಂಚಲ್ಲೇ ಕೊರೆಯಬೇಕು, ಕಡಲಂಚಲ್ಲಿ ಎಲ್ಲವೂ ಓಡುತ್ತಿರುತ್ತದೆ, ಓಡದೆ ಇರುವುದು ಐಸ್ ರೈಸ್ ಒಂದೇ. ವೆಡೆಲ್ ಸಮುದ್ರದ ಕಡೆ ಇರುವ ಬರ್ಕ್‌ನರ್ ದ್ವೀಪದಲ್ಲೂ, ಅದು ಇದಕ್ಕಿಂತ ಎಷ್ಟೋ ದೊಡ್ಡ ಐಸ್ ರೈಸ್, ಬ್ರಿಟಿಷರು ಮತ್ತು ಫ್ರೆಂಚರು ಸೇರಿ 2005ರ ಹೊತ್ತಿಗೆ 948 ಮೀಟರ್ ಕೊರೆದು ಬಂಡೆ ಮುಟ್ಟಿದ್ದರು.

ಕೊಲ್ಲಿಯ ಕತೆ ಅರ್ಧಕ್ಕೆ ಬಿಟ್ಟಿದ್ದೆ. ಅಮುಂಡ್ಸನ್ ಆದ ಮೇಲೆ 1929ರಲ್ಲಿ ಬರ್ಡ್ ಅಲ್ಲೇ ಹತ್ತಿರ ಲಿಟ್ಲ್ ಅಮೆರಿಕ ಅನ್ನುವ ನೆಲೆ ಕಟ್ಟಿ, ಅಲ್ಲಿಂದಲೇ ವಿಮಾನದಲ್ಲಿ ಧ್ರುವದ ಮೇಲೆ ಹಾರಿ ಬಂದ. ಆಮೇಲೆ ಎರಡನೇ ಲಿಟ್ಲ್ ಅಮೆರಿಕ, ಮೂರನೆಯದು, ನಾಲ್ಕನೆಯದು. ಹಳೆಯದು ಹಿಮದಲ್ಲಿ ಮುಚ್ಚಿಹೋಗುವುದು, ಹೊಸದು ಕಟ್ಟುವುದು. 1963ರಲ್ಲಿ ಅಮೆರಿಕದ ಒಂದು ನೌಕೆಯವರು ಅಲ್ಲಿಂದ ನೂರಾರು ಮೈಲಿ ದೂರದ ಸಮುದ್ರದಲ್ಲಿ ತೇಲುತ್ತಿದ್ದ ಮಂಜುಗುಡ್ಡದ ಬದಿಯಲ್ಲಿ ಮನೆಗಳ ಅವಶೇಷ ಚಾಚಿಕೊಂಡಿರುವುದನ್ನು ಕಂಡರು. ಹಳೆಯ ಲಿಟ್ಲ್ ಅಮೆರಿಕ! ಯಾರೂ ಇಲ್ಲದ ಊರು ತಾನೇ ಹಡಗಾಗಿ ಹೊರಟುಬಿಟ್ಟಿತ್ತು.

ಆಮೇಲೆ 1987ರ ಅಕ್ಟೋಬರ್. 154 ಕಿಲೋಮೀಟರ್ ಉದ್ದ, 35 ಕಿಲೋಮೀಟರ್ ಅಗಲದ ತುಂಡು ಒಂದೇ ಏಟಿಗೆ ಮುರಿದುಕೊಂಡಿತು. ಬಿ-9 ಅಂತ ಅದಕ್ಕೆ ಹೆಸರು ಕೊಟ್ಟರು. ಬೇ ಆಫ್ ವೇಲ್ಸ್ ಅದರ ಜೊತೆಗೇ ಹೋಯಿತು. ಗೋಡೆಗಳೇ ಹೋದ ಮೇಲೆ ಕೊಲ್ಲಿ ಎಲ್ಲಿಯದು? ಬಿ-9 ಮುಂದೆ ಮೂರು ತುಂಡಾಗಿ, ಅದರಲ್ಲೊಂದು, ಬಿ-9ಬಿ, ಅಂಟಾರ್ಕ್ಟಿಕಾದ ತೀರ ಹಿಡಿದು ಅಲೆಯುತ್ತಾ ಅಲೆಯುತ್ತಾ 2010ರ ಫೆಬ್ರವರಿಯಲ್ಲಿ ಮೆರ್ಟ್ಜ್ ಹಿಮನದಿಯ ನಾಲಿಗೆಗೆ ಗುದ್ದಿತು. ಆ ನಾಲಿಗೆಯಿಂದ 78 ಕಿಲೋಮೀಟರ್ ಉದ್ದದ ಇನ್ನೊಂದು ಗುಡ್ಡ ಮುರಿದು ಬಿತ್ತು. ಇಪ್ಪತ್ತಮೂರು ವರ್ಷ ಆದ ಮೇಲೂ! ಅಷ್ಟಕ್ಕೇ ಮುಗಿಯದೆ, ಬಿ-9ಬಿ ಹೋಗಿ ಕಾಮನ್‌ವೆಲ್ತ್ ಕೊಲ್ಲಿಯಲ್ಲಿ ತಳಕ್ಕೆ ಸಿಕ್ಕಿಕೊಂಡು ಕೂತು, ಸುತ್ತ ಸಮುದ್ರದ ಮಂಜು ಕಟ್ಟಿ, ಅಲ್ಲಿನ ಪೆಂಗ್ವಿನ್‌ಗಳು ಮೀನಿಗಾಗಿ ಮೈಲಿಗಟ್ಟಲೆ ನಡೆಯುವ ಹಾಗಾಯಿತು. 2000ದ ಮಾರ್ಚ್‌ನಲ್ಲಿ ಮುರಿದ ಬಿ-15 ಕೂಡ ರೂಸ್‌ವೆಲ್ಟ್ ದ್ವೀಪದ ಹತ್ತಿರದ್ದೇ, ಸುಮಾರು 11,000 ಚದರ ಕಿಲೋಮೀಟರ್. ಇಷ್ಟೆಲ್ಲ ಆದರೂ ದಿಬ್ಬ ಅಲ್ಲೇ ಇದೆ.

ತೇಲುವ ಮಂಜು ಮುರಿದರೂ ಕರಗಿದರೂ ಸಮುದ್ರಮಟ್ಟ ಏರುವುದಿಲ್ಲವಲ್ಲ, ಅದು ಆಗಲೇ ನೀರಲ್ಲೇ ಇದೆ, ಮತ್ಯಾಕೆ ತಲೆಬಿಸಿ ಅಂತ ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಆದರೆ ಶೆಲ್ಫ್ ತನ್ನ ಹಿಂದಿನ ಹಿಮನದಿಗಳಿಗೆ ಅಡ್ಡ ನಿಂತಿರುತ್ತದೆ. 2002ರಲ್ಲಿ ಲಾರ್ಸೆನ್ ಬಿ ಅನ್ನುವ ಶೆಲ್ಫಿನ ಸುಮಾರು 3,250 ಚದರ ಕಿಲೋಮೀಟರ್ ಕೆಲವೇ ವಾರಗಳಲ್ಲಿ ಪುಡಿಪುಡಿಯಾಯಿತು, ಅದರ ಹಿಂದಿನ ನದಿಗಳು ಹಲವು ಪಟ್ಟು ವೇಗ ಹಿಡಿದವು. ಅವು ತರುವುದು ನೆಲದ ಮೇಲಿನ ಮಂಜು, ಅದು ಸಮುದ್ರಕ್ಕೆ ಬಿದ್ದರೆ ಮಟ್ಟ ಏರುತ್ತದೆ. ಶೆಲ್ಫಿಗೆ ಹಾಗೆ ಅಡ್ಡ ನಿಲ್ಲುವ ಶಕ್ತಿ ಬರುವುದು ಎರಡು ಬದಿಯ ದಡದಿಂದ ಮತ್ತು ನಡುನಡುವೆ ತಳಕ್ಕೆ ಕಚ್ಚಿಕೊಂಡ ಇಂಥ ದಿಬ್ಬಗಳಿಂದ. ಲಾರ್ಸೆನ್ ಸಿ ಶೆಲ್ಫಿಗೆ ಉತ್ತರದಲ್ಲಿ ಬಾಡನ್, ದಕ್ಷಿಣದಲ್ಲಿ ಗಿಪ್ಸ್ ಅಂತ ಎರಡು ಐಸ್ ರೈಸ್ ಇವೆ. ರೂಸ್‌ವೆಲ್ಟ್ ಮುಂದೆ ಇವು ಚಿಕ್ಕವು. 2017ರ ಜುಲೈನಲ್ಲಿ 5,800 ಚದರ ಕಿಲೋಮೀಟರಿನ ಎ-68 ಮುರಿದುಕೊಂಡು ಹೋದಾಗ ಎಲ್ಲರೂ ಆ ಗುಡ್ಡದ ಫೋಟೋ ಹಂಚಿಕೊಂಡರು. ಬಲ್ಲವರ ಕಣ್ಣಿದ್ದದ್ದು ಬಾಡನ್ ಮೇಲೆ, ಉಳಿದ ಶೆಲ್ಫ್ ಅದರ ಹಿಡಿತ ಬಿಟ್ಟಿದೆಯೋ ಇಲ್ಲವೋ ಅಂತ.

ದಿಬ್ಬ ಇನ್ನೂ ಸಣ್ಣದಾದರೆ ಮಂಜು ಬಳಸಿಕೊಂಡು ಹೋಗದೆ ಮೇಲೆ ಹತ್ತಿಯೇ ದಾಟುತ್ತದೆ. ಆಗ ಅದು ಐಸ್ ರೈಸ್ ಅಲ್ಲ, ಐಸ್ ರಂಪಲ್. ಬ್ರಂಟ್ ಶೆಲ್ಫನ್ನು ಅಂಥದೊಂದು, ಮ್ಯಾಕ್‌ಡೊನಾಲ್ಡ್ ರಂಪಲ್ಸ್, ಹಿಡಿದುಕೊಂಡಿತ್ತು. ಓಜೋನ್ ಪದರದ ತೂತು ಪತ್ತೆಯಾದ ಬ್ರಿಟಿಷರ ಹ್ಯಾಲಿ ನೆಲೆ ಇರುವುದು ಆ ಶೆಲ್ಫಿನ ಮೇಲೆ. ಬಿರುಕು ಹತ್ತಿರ ಬಂತು ಅಂತ 2016-17ರಲ್ಲಿ ಇಡೀ ನೆಲೆಯನ್ನು 23 ಕಿಲೋಮೀಟರ್ ಒಳಕ್ಕೆ ಎಳೆದುಕೊಂಡು ಹೋದರು. ಕಾಲಿಗೆ ಸ್ಕೀ ಕಟ್ಟಿದ ಕಟ್ಟಡ ಅದು, ಎಳೆಯಲೆಂದೇ ಕಟ್ಟಿದ್ದು. 2023ರ ಜನವರಿಯಲ್ಲಿ ಆ ಬಿರುಕು ಪೂರ್ತಿಯಾಗಿ 1,550 ಚದರ ಕಿಲೋಮೀಟರ್ ಕಳಚಿಕೊಂಡಿತು.

ನಮ್ಮ ದೇಶಕ್ಕೂ ಇದಕ್ಕೂ ಸಂಬಂಧ ಇದೆ, ಅದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಭಾರತದ ಮೊದಲ ಅಂಟಾರ್ಕ್ಟಿಕ್ ನೆಲೆ ದಕ್ಷಿಣ ಗಂಗೋತ್ರಿ 1983-84ರಲ್ಲಿ ಕಟ್ಟಿದ್ದು ಬಂಡೆಯ ಮೇಲಲ್ಲ, ಐಸ್ ಶೆಲ್ಫ್ ಮೇಲೆಯೇ. ಶೆಲ್ಫಿನ ಮೇಲೆ ಕಟ್ಟಿದ್ದಕ್ಕೆಲ್ಲ ಆಗುವ ಗತಿಯೇ ಅದಕ್ಕೂ ಆಯಿತು, ವರ್ಷ ವರ್ಷ ಹಿಮ ಬಿದ್ದು ಮುಚ್ಚಿಕೊಂಡಿತು. ಅಷ್ಟರಲ್ಲಿ ಶಿರ್ಮಾಕರ್ ಓಯಸಿಸ್‌ನ ಗಟ್ಟಿ ಬಂಡೆಯ ಮೇಲೆ ಮೈತ್ರಿ ಸಿದ್ಧವಾಗಿತ್ತು, ಜನ ಅಲ್ಲಿಗೆ ಹೋದರು. ಮೈತ್ರಿಯ ಮುಂದೆ, ಸಮುದ್ರದ ಕಡೆಗೆ ಚಾಚಿರುವ ಶೆಲ್ಫಿನ ಹೆಸರು ನಿವ್ಲಿಸೆನ್. ಅದರ ಎರಡು ಬದಿಯಲ್ಲಿ ಎರಡು ಐಸ್ ರೈಸ್‌ಗಳಿವೆ, ಲೆನಿನ್‌ಗ್ರಾಡ್‌ಕೊಲೆನ್ ಮತ್ತು ಜುಪ್ರಾನೆನ್. ಕಾರವಾರದಿಂದ ಗಡಿ ದಾಟಿದರೆ ಸಿಗುವ ಗೋವಾದ ವಾಸ್ಕೋದಲ್ಲಿ ಧ್ರುವ ಮತ್ತು ಸಾಗರ ಸಂಶೋಧನೆಯ ರಾಷ್ಟ್ರೀಯ ಕೇಂದ್ರ ಇದೆಯಲ್ಲ, ಅಲ್ಲಿಯವರು ನಾರ್ವೆಯ ಧ್ರುವ ಸಂಸ್ಥೆಯ ಜೊತೆ ಸೇರಿ 2016ರಿಂದ 2018ರ ನಡುವೆ ಎರಡು ಬೇಸಿಗೆ ಈ ದಿಬ್ಬಗಳ ಮೇಲೆ ಕೆಲಸ ಮಾಡಿದರು. ರಾಡಾರ್ ಎಳೆದರು, ಜಿಪಿಎಸ್ ನೆಟ್ಟರು, ಹಿಮದ ಕಂಬ ಕೊರೆದರು. ಮ್ಯಾಡೈಸ್ ಅಂತ ಆ ಯೋಜನೆಯ ಹೆಸರು. ಮಂಗಳಯಾನದ ಚಿತ್ರ ನಮ್ಮ ಪ್ರತಿ ಶಾಲೆಯ ಗೋಡೆ ಮೇಲೆ ಇದೆ, ಇರಲಿ, ಬೇಡ ಅನ್ನುವುದಿಲ್ಲ. ಇದನ್ನೂ ಒಂದು ಸಾಲು ಪಾಠದಲ್ಲಿ ಹಾಕಿದರೆ ಕಳೆದುಕೊಳ್ಳುವುದೇನು?

ನೋಡಬೇಕು ಅನಿಸಿದವರಿಗೆ: ಉಪಗ್ರಹ ಚಿತ್ರ ತೋರಿಸುವ ಯಾವುದಾದರೂ ಉಚಿತ ತಾಣದಲ್ಲಿ ದಕ್ಷಿಣ ಧ್ರುವದ ನಕ್ಷೆ ಆರಿಸಿಕೊಂಡು, 79.4 ಡಿಗ್ರಿ ದಕ್ಷಿಣ, 162 ಡಿಗ್ರಿ ಪಶ್ಚಿಮಕ್ಕೆ ಹೋಗಿ. ಡಿಸೆಂಬರ್ ಅಥವಾ ಜನವರಿಯ ದಿನಾಂಕ ಹಾಕಿ, ಜೂನ್ ಹಾಕಿದರೆ ಬರೀ ಕತ್ತಲೆ ಬರುತ್ತದೆ. ಮೋಡ ಇಲ್ಲದ ದಿನ ಸಿಗುವವರೆಗೂ ದಿನಾಂಕ ಬದಲಿಸುತ್ತಾ ಹೋಗಬೇಕು. ಸೂರ್ಯ ತಗ್ಗಿನಲ್ಲಿದ್ದಾಗ ತೆಗೆದ ಚಿತ್ರದಲ್ಲಿ ದಿಬ್ಬದ ಒಂದು ಬದಿಗೆ ತೆಳು ನೆರಳು ಬಿದ್ದಿರುತ್ತದೆ, ಅದನ್ನು ಹಿಡಿದು ಹೊರಟರೆ ಉಳಿದದ್ದು ಬೇಗ ಸಿಗುತ್ತದೆ. ನಿವ್ಲಿಸೆನ್ ನೋಡುವವರು 70 ಡಿಗ್ರಿ ದಕ್ಷಿಣ, 11 ಡಿಗ್ರಿ ಪೂರ್ವದ ಆಸುಪಾಸು ಹುಡುಕಿ. ಅಲ್ಲಿ ಮಾತ್ರ ಸ್ವಲ್ಪ ತಾಳ್ಮೆ ಬೇಕು, ಮೋಡ ಜಾಸ್ತಿ.